ನಿಂತ ಮೋಳೆ ಮತ್ತೆ ಏಳಕೂಡದು

ಕೆಂಪಾಜಮ್ಮ ಬಾಯಿ ಮಾಡಿದರೆ ಕಪಿಲೆಯ ಆಚೆ ದಡದಲ್ಲಿ ಬಟ್ಟೆ ಒಗೆಯುವವರೂ ಒಂದು ಗಳಿಗೆ ಕೈ ತಡೆದು ನಿಲ್ಲುತ್ತಿದ್ದರಂತೆ. ಇದರಲ್ಲಿ ಅರ್ಧ ಸುಳ್ಳಿರಬಹುದು. ಹದಿನಾರು ಎಂಬ ಊರಿನ ಕಡೆಯ ಜನ ಯಾರನ್ನಾದರೂ ಹೊಗಳಲು ಕೂತರೆ ಅಳತೆ ಇಟ್ಟುಕೊಳ್ಳುವವರಲ್ಲ. ಆದರೆ ತಲೆಯ ಮೇಲೆ ಉಪ್ಪಿನ ಮಂಕರಿ ಹೊತ್ತು ಅವಳು ತಗಡೂರಿನ ಬೀದಿಗೆ ಕಾಲಿಟ್ಟಳೆಂದರೆ ಹೆಂಗಸರು ಮೊರದಲ್ಲಿ ರಾಗಿ ತುಂಬಿಕೊಂಡು ಜಗುಲಿಗೆ ಬರುತ್ತಿದ್ದರು ಎಂಬುದು ಮಾತ್ರ ನಿಜ. ರಾಗಿ ಅವಳಿಗೆ, ಉಪ್ಪು ಅವರಿಗೆ. ಉಪ್ಪನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳ ಹುಟ್ಟುತ್ತದೆಂದು ಅವಳು ಮೊರಕ್ಕೇ ಸುರಿಯುತ್ತಿದ್ದಳು. ಆದರೂ ಜಗಳ ಹುಟ್ಟುತ್ತಿತ್ತು, ಅದು ಬೇರೆ ಮಾತು. ಅಳತೆಯಲ್ಲಿ ಯಾರಿಗೂ ಒಂದು ಚಿಟಿಕೆ ಬಿಟ್ಟುಕೊಟ್ಟ ಹೆಂಗಸಲ್ಲ ಅವಳು.

ಅವಳ ಊರನ್ನು ಊರೆನ್ನುವುದೂ ದೊಡ್ಡ ಮಾತೇ. ನಂಜನಗೂಡಿನಿಂದ ನರಸೀಪುರಕ್ಕೆ ಹೋಗುವ ಗಾಡಿದಾರಿಯಲ್ಲಿ ಹದಿನಾರು ದಾಟಿ ಹೊಳೆಯ ಕಡೆ ಇಳಿದರೆ ಯಾವ ಬೆಳೆಯೂ ಬಾರದ ಚೌಳು ನೆಲ. ಅದರ ಅಂಚಿನಲ್ಲಿ ಹತ್ತಾರು ಉಪ್ಪಾರರ ಮನೆಗಳು. ಬಿಸಿಲು ಬಲಿತ ಮೇಲೆ ಆ ನೆಲದ ಮೈಮೇಲೆ ಬೆಳ್ಳಗೆ ಉಪ್ಪು ಉಕ್ಕುತ್ತದೆ. ಆ ಮಣ್ಣನ್ನು ಕೆರೆದು ತಂದು, ದಿಬ್ಬದ ನೆತ್ತಿಯ ಗುಂಡಿಗೆ ತುಂಬಿ, ನೀರು ಹೊಯ್ದರೆ, ಅಡಿಯಲ್ಲಿ ಹಾಸಿದ ಹುಲ್ಲಿನೊಳಗಿಂದ ಕಂದು ನೀರು ಬಸಿದು ಬರುತ್ತದೆ. ಅದನ್ನು ಗಾರೆ ಮೆತ್ತಿದ ಪಾತಿಗಳಲ್ಲಿ ಬಿಸಿಲಿಗೆ ಬಿಟ್ಟರೆ ಉಪ್ಪು. ಬಸಿದು ಉಳಿದ ಮಣ್ಣನ್ನು ತಲೆಮಾರುಗಳಿಂದ ಅಲ್ಲೇ ಸುರಿದು ಸುರಿದು ಎದ್ದ ದಿಬ್ಬಕ್ಕೆ ಮೋಳೆ ಎನ್ನುತ್ತಿದ್ದರು. ದಿಬ್ಬದ ಹೆಸರೇ ಊರಿಗೂ ಬಂದಿತ್ತು. ಒಂದೊಂದು ಮನೆಗೆ ಒಂದೊಂದು ಮೋಳೆ, ಹೊಲ ಇದ್ದವರಿಗೆ ಹೊಲ ಇದ್ದ ಹಾಗೆ.

ಕೆಂಪಾಜಮ್ಮನ ಮೋಳೆ ಅವಳ ತಾಯಿಯ ಕಡೆಯಿಂದ ಬಂದದ್ದು. ಧಾತು ವರ್ಷದ ಬರದಲ್ಲಿ ಅವಳ ಅಪ್ಪ ಅನ್ನವಿಲ್ಲದೆ ಸತ್ತ. ಅವಳಿಗೆ ಆಗ ಮಣ್ಣು ಹೊರುವಷ್ಟು ವಯಸ್ಸು. ತಾಯಿ ಮಗಳು ಇಬ್ಬರೂ ಉಳಿದುಕೊಂಡರು. ಹೇಗೆಂದರೆ, ಕಾಡುಸೊಪ್ಪು ಬೇಯಿಸಿ ತಿನ್ನುವವನಿಗೂ ಉಪ್ಪು ಬೇಕು. ಒಂದು ಬೊಗಸೆ ಉಪ್ಪಿಗೆ ಯಾರೋ ಒಂದು ಹಿಡಿ ಹುರುಳಿ ಕೊಟ್ಟರು, ಯಾರೋ ಎಮ್ಮೆಯ ಮಜ್ಜಿಗೆ ಕೊಟ್ಟರು. ಅವತ್ತಿನಿಂದ ಅವಳಿಗೆ ಮೋಳೆಯೆಂದರೆ ಮಣ್ಣಿನ ದಿಬ್ಬವಲ್ಲ. ಮುಂದೆ ಗಂಡ ಬಂದ, ಒಂದು ಹೆಣ್ಣು ಮಗು ಕೊಟ್ಟ, ಜ್ವರ ಬಂದು ಹೋದ. ಅವಳು ಅತ್ತಳು, ಮಾರನೆಯ ವಾರ ಮಣ್ಣು ಹೊತ್ತಳು. ಹಾಗೆ ಹೊರಲೇಬೇಕಿತ್ತು, ಅದಕ್ಕೆ ಕಾರಣವಿತ್ತು.

ಮೈಸೂರಿನ ಅರಸರಿಗೆ ರಾಜ್ಯವನ್ನು ವಾಪಸು ಕೊಡುವಾಗ ಇಂಗ್ಲಿಷಿನವರು ಬರೆಸಿಕೊಂಡ ಕರಾರಿನಲ್ಲಿ ಉಪ್ಪಿನ ಮಾತೂ ಇತ್ತು. ಈ ಸೀಮೆಯಲ್ಲಿ ಎಷ್ಟು ಉಪ್ಪು ಹುಟ್ಟಬೇಕೆಂಬುದು ಅವರ ಮರ್ಜಿ. ಕಡಲುಪ್ಪಿನ ಸುಂಕ ಅವರ ಬೊಕ್ಕಸಕ್ಕೆ ಹೋಗುತ್ತಿತ್ತಲ್ಲ, ನೆಲದ ಉಪ್ಪು ಅದಕ್ಕೆ ಅಡ್ಡ ಬರಬಾರದು. ಆ ಮಾತು ಕಲ್ಕತ್ತೆಯಿಂದ ಹೊರಟು, ಮೈಸೂರಿನಲ್ಲಿ ತಂಗಿ, ಕಚೇರಿಯಿಂದ ಕಚೇರಿಗೆ ಇಳಿದು ಮೋಳೆಗೆ ಬಂದು ಮುಟ್ಟುವ ಹೊತ್ತಿಗೆ ತೀರ ಚಿಕ್ಕದಾಗಿತ್ತು. ಹೊಸ ಮೋಳೆ ಹೂಡಕೂಡದು. ಒಂದು ಬೇಸಿಗೆ ನಿಂತ ಮೋಳೆ ಮತ್ತೆ ಏಳಕೂಡದು. ಅಷ್ಟೇ. ಯಾರೂ ಬಂದು ಪಾತಿ ಒಡೆಯಲಿಲ್ಲ, ಯಾರನ್ನೂ ಹಿಡಿದು ಬಡಿಯಲಿಲ್ಲ. ಉಪ್ಪಾರರ ಬದುಕಿನಲ್ಲಿ ಕಾಲು ಮುರಿಯುವುದು, ಸಾವು ಬರುವುದು, ಮದುವೆ ಬರುವುದು ಇದ್ದೇ ಇರುತ್ತದಲ್ಲ, ಉಳಿದ ಕೆಲಸವನ್ನು ಅವೇ ಮಾಡಿಕೊಳ್ಳಲಿ ಎಂದು ಸುಮ್ಮನೆ ಕಾದು ಕೂತರು. ಇಂಥ ಜಾಣತನಕ್ಕೆ ಏನು ಹೆಸರಿಡಬೇಕೋ ನನಗೆ ತಿಳಿಯದು.

ಹಾಗೆಯೇ ಆಯಿತು. ಒಬ್ಬ ಗಾಡಿಯಿಂದ ಬಿದ್ದು ಸೊಂಟ ಉಳುಕಿಸಿಕೊಂಡ, ಅವನ ಮೋಳೆ ಹೋಯಿತು. ಜವರಶೆಟ್ಟಿ ಮಗಳ ಮದುವೆಗೆಂದು ಕವಲಂದೆಗೂ ಮೋಳೆಗೂ ಓಡಾಡಿ ಬೇಸಿಗೆ ಕಳೆದ, ಅವನದೂ ಹೋಯಿತು. ತಾಲ್ಲೂಕು ಕಚೇರಿಯ ಶೇಕ್ದಾರರು ಬೇಸಿಗೆಗೊಮ್ಮೆ ಕುದುರೆಯ ಮೇಲೆ ಬರುತ್ತಿದ್ದರು. ಒಡೆಯರು ಎದುರು ನಿಂತು ಪಾತಿಯ ಉಪ್ಪು ತೋರಿಸಿದರೆ ಮೋಳೆ ಬದುಕಿತು, ತೋರಿಸದಿದ್ದರೆ ಸತ್ತಿತು. ಪಾಪ, ಕೆಟ್ಟ ಮನುಷ್ಯನೇನಲ್ಲ. ಸತ್ತ ಮೋಳೆಯ ಮುಂದೆ ನಿಂತು "ಛೆ ಛೆ" ಎನ್ನುತ್ತಿದ್ದರು. ನಾನು ಹೇಳುತ್ತಿರುವ ವರ್ಷ, ಅಂದರೆ ಹೊಸ ಮಹಾರಾಜರು ಆಡಳಿತಕ್ಕೆ ಬಂದು ಇನ್ನೂ ಎರಡು ಮೂರು ವರ್ಷವಾಗಿದ್ದ ಕಾಲಕ್ಕೆ, ಊರಿನಲ್ಲಿ ನಡೆಯುತ್ತಿದ್ದದ್ದು ಒಂದೇ ಮೋಳೆ. ಅದು ಕೆಂಪಾಜಮ್ಮನದು.

ಮಗಳ ಹೆಸರು ಶಿವನಂಜಮ್ಮ. ಕರೆಯುವುದು ನಂಜಿ ಎಂದು. ತಾಯಿಯ ದುಡಿಮೆ ಬಂದಿತ್ತು, ಬಾಯಿ ಬಂದಿರಲಿಲ್ಲ. ಯಾವ ಮಾತಿಗೂ ಮೊದಲು ನಗುವ ಹುಡುಗಿ. ಅವಳನ್ನು ಕೊಟ್ಟದ್ದು ನರಸೀಪುರದ ಕಡೆಯ ರಂಗಶೆಟ್ಟಿಗೆ. ಅವನ ಮನೆಯ ಮೋಳೆ ಅವನಿಗೆ ಮೀಸೆ ಬರುವ ಮೊದಲೇ ನಿಂತುಹೋಗಿತ್ತು. ಆದ್ದರಿಂದ ಅವನೇ ಅತ್ತೆಯ ಮನೆಗೆ ಬಂದಿದ್ದ. ಬಂದವನು ಮೋಳೆಯ ಕೆಲಸಕ್ಕೂ ನಿಲ್ಲದೆ ನಂಜನಗೂಡಿನ ರೈಲು ನಿಲ್ದಾಣದಲ್ಲಿ ಮೂಟೆ ಹೊರುವ ಕೆಲಸಕ್ಕೆ ಸೇರಿಕೊಂಡ. ಮೈಸೂರಿನಿಂದ ಬಂದ ರೈಲು ನಂಜನಗೂಡಿನಲ್ಲಿ ನಿಲ್ಲುತ್ತಿತ್ತು, ಅದರಾಚೆ ಹಳಿಯಿರಲಿಲ್ಲ. ಅದರಲ್ಲಿ ಬರುತ್ತಿದ್ದ ಮೂಟೆಗಳಲ್ಲಿ ಕಡಲುಪ್ಪಿನವೂ ಇರುತ್ತಿದ್ದವು. ಉಪ್ಪಾರರ ಅಳಿಯ ಕಡಲುಪ್ಪು ಹೊತ್ತು ಇಳಿಸುತ್ತಾನೆಂದು ಊರವರು ಆಡಿಕೊಂಡು ನಕ್ಕರು. ಕೆಂಪಾಜಮ್ಮ ನಗಲಿಲ್ಲ.

ವಾರಕ್ಕೊಮ್ಮೆ ರಂಗಶೆಟ್ಟಿ ಮನೆಗೆ ಬಂದಾಗ ಅತ್ತೆ ಅಳಿಯರ ವಾದ ತಪ್ಪುತ್ತಿರಲಿಲ್ಲ.

"ಅತ್ತೇ, ನೀವ್ ಏನಾರ ಅನ್ನಿ, ರೈಲು ಬಂದಿದ್ದು ಒಳ್ಳೇದೇ ಆಯ್ತು. ದಾತು ಬರದಾಗೆ ನಂಜನಗೂಡಿಗೆ ರೈಲಿದ್ದಿದ್ರೆ ನಿಮ್ಮಪ್ಪಾರು ಸಾಯ್ತಿರ್ನಿಲ್ಲ. ಅಕ್ಕಿ ಮೂಟೆ ಬಂದು ಬೀಳ್ತಿದ್ವು."

"ಬಂದು ಬೀಳ್ತಿದ್ವೋ, ಇದ್ದವೂ ಏರ್ಕೊಂಡು ಓಗ್ತಿದ್ವೋ ನೀನೇನು ಕಂಡೀಯೆ. ರೈಲಿಗೆ ಎರಡು ಕಡೀಕೂ ಓಗೋಕೆ ಬತ್ತದೆ ಅಳೀಮಯ್ಯ."

"ಆಸ್ಪತ್ರೆ ಬಂದದೆ. ರೋಡು ಬಂದದೆ. ನನಗೆ ಕೂಲಿ ದಿನದಿನಕ್ಕೂ ಸಿಕ್ತದೆ. ಬಿಸ್ಲು ಕಾಯ್ಕೊಂಡು ಕೂರಂಗಿಲ್ಲ."

"ನಿನ್ನ ಮನೆ ಮೋಳೆ ನಿಲ್ಸಿ, ನಿನ್ನ ಬೆನ್ನಿಗೆ ಮೂಟೆ ಕೊಟ್ರು. ಅದಕ್ಕೆ ಅವ್ರಿಗೆ ಕೈ ಮುಗೀತೀಯಾ?"

ನಂಜಿ ನಡುವೆ ಬಂದು, "ಅವ್ವ ಗೆದ್ಲು ಬುಡಿ. ಈಗ ಇಬ್ರೂ ಉಣ್ಣಿ, ಮುದ್ದೆ ಆರೋಯ್ತದೆ" ಎಂದು ನಗುತ್ತ ತಟ್ಟೆಯಿಡುತ್ತಿದ್ದಳು. ವಾದ ಅಲ್ಲಿಗೆ ನಿಂತು, ಮುಂದಿನ ವಾರ ಅಲ್ಲಿಂದಲೇ ಹೊರಡುತ್ತಿತ್ತು. ಇಬ್ಬರೂ ಹೇಳುತ್ತಿದ್ದದ್ದು ಸರಿಯೇ ಇತ್ತು. ಅದೇ ಅದರ ಪೀಕಲಾಟ.

ಆ ವರ್ಷ ಶಿವರಾತ್ರಿಗೆ ಮುಂಚೆ ನಂಜನಗೂಡಿನ ಪೇಟೆಯಲ್ಲಿ ಇಲಿ ಬಿದ್ದವು. ಬೊಂಬಾಯಿಯಿಂದ ಊರೂರು ದಾಟಿ, ಮೈಸೂರಿಗೆ ಬಂದು, ಅಲ್ಲಿಂದ ರೈಲು ಹತ್ತಿ ಪ್ಲೇಗು ಇಲ್ಲಿಗೂ ಇಳಿದಿತ್ತು. ರೈಲು ಯಾರನ್ನೂ ಬೇಡವೆನ್ನುವುದಿಲ್ಲವಷ್ಟೆ. ಗಡ್ಡೆ ಎದ್ದು ಜನ ಸಾಯಲು ಶುರುವಾಯಿತು. ರಂಗಶೆಟ್ಟಿಗೆ ಕೆಲಸದ ಜಾಗದಲ್ಲೇ, ರೋಗ ತಗಲದಿರಲೆಂದು ಸೂಜಿ ಹಾಕಿದರು. ಒಂದೆರಡು ದಿನ ಜ್ವರದಲ್ಲಿ ಮಲಗಿ ಎದ್ದು, ತೋಳಿನ ಬಾವು ಇಳಿಯದಿದ್ದರೂ ಮೋಳೆಗೆ ನಡೆದು ಬಂದ. ಅವನು ಬಂದ ಎರಡು ದಿನಕ್ಕೆ ಜವರಶೆಟ್ಟಿಯ ಅಟ್ಟದಿಂದ ಒಂದು ಇಲಿ ಧೊಪ್ಪನೆ ಬಿದ್ದು, ಸುತ್ತು ತಿರುಗಿ ಸತ್ತಿತು.

ಊರು ಬಿಡಬೇಕೆಂದು ಹುಕುಂ ಆಯಿತು. ಎಲ್ಲರೂ ಹೊಂಗೆಯ ತೋಪಿನ ಬಳಿ ಸೋಗೆಯ ಗುಡ್ಲು ಹಾಕಿಕೊಂಡರು. ಮನೆಗಳ ಸೂರು ಬಿಚ್ಚಿ ಬಿಸಿಲು ಬಿಡಬೇಕೆಂದು ಪಟೇಲ ಗುರುಮಲ್ಲಪ್ಪ ಆಳುಗಳನ್ನು ಕರೆದುಕೊಂಡು ಬಂದ. ಒಂದೊಂದೇ ಮನೆಯ ಹೆಂಚು ಇಳಿಯಿತು. ಕೆಂಪಾಜಮ್ಮನ ಮನೆಯ ಮುಂದೆ ಬಂದಾಗ ಅವಳು ಬಾಗಿಲಿಗೆ ಅಡ್ಡ ನಿಂತಳು.

"ಬ್ಯಾಡಿ ಗೌಡ್ರೇ. ನನ್ನ ಮನೆ ತುಂಬ ಉಪ್ಪು ಎರಚಿವ್ನಿ. ಮೂಲೆ ಬುಟ್ಟಿಲ್ಲ, ಅಟ್ಟ ಬುಟ್ಟಿಲ್ಲ. ಉಪ್ಪಿರೋ ತಾವ ಯಾವ ಮಾರಿ ಬತ್ತದೆ?"

ಹೊರಗಿನವರಿಗೆ ಇದು ತಮಾಷೆ ಎನಿಸಬಹುದು. ಮೋಳೆಯವರಿಗೆ ಹಾಗಲ್ಲ. ದೃಷ್ಟಿಯಾದರೆ ನಿವಾಳಿಸುವುದು ಉಪ್ಪು. ಹಲ್ಲು ನೋವಿಗೆ ಉಪ್ಪು, ಗಾಯಕ್ಕೆ ಉಪ್ಪು, ಮೀನು ಕೆಡದಂತೆ ಇಡುವುದು ಉಪ್ಪು. ಕೊಳೆಯುವುದನ್ನು ತಡೆಯುವ ವಸ್ತು ಲೋಕದಲ್ಲಿ ಒಂದಿದ್ದರೆ ಅದನ್ನು ಮಾಡುವವರು ತಾವೇ ಎಂದು ಅವರು ಅಜ್ಜಂದಿರ ಕಾಲದಿಂದ ನಂಬಿದ್ದರು. ಪಟೇಲನಿಗೂ ಅದೇ ನಂಬಿಕೆ. ಅವನ ಹಟ್ಟಿಯ ದನಗಳಿಗೆ ಕೆಂಪಾಜಮ್ಮನ ಉಪ್ಪೇ ಹೋಗುತ್ತಿದ್ದದ್ದು. ಸೂರು ಬಿಚ್ಚದೆ ಹೋದ. ಊರಿನಲ್ಲಿ ಹೆಂಚಿದ್ದ ಮನೆ ಅದೊಂದೇ ಉಳಿಯಿತು.

ಗುಡ್ಲಿಗೆ ಹೋದರೂ ಮೋಳೆ ಬಿಡುವ ಹಾಗಿರಲಿಲ್ಲ. ಶೇಕ್ದಾರರು ಬರುವ ಕಾಲ. ಪ್ಲೇಗು ಬಂದಿತ್ತೆಂದು ನಿಯಮವೇನೂ ಗುಡ್ಲಿಗೆ ಹೋಗಿ ಕೂರುವುದಿಲ್ಲ. ಕೆಂಪಾಜಮ್ಮ ಪಟೇಲನನ್ನು ಕೇಳಿಯೂ ಕೇಳಿದ್ದಳು. "ನಿಂತ್ರೆ ನಿಂತಂಗೆ ಕಣಮ್ಮ, ಯಾಕೆ ನಿಂತದೆ ಅಂತ ಬರ್ಕೊಳಾಕೆ ಅವ್ರ ಕಾಗ್ದದಾಗೆ ಜಾಗ ಇಲ್ಲ" ಎಂದಿದ್ದ ಅವನು. ತಾಯಿ ಮಗಳು ಬೆಳಿಗ್ಗೆ ಎದ್ದು ಮೋಳೆಗೆ ಹೋಗಿ ಮಣ್ಣು ತುಂಬಿದರು, ನೀರು ಹೊಯ್ದರು, ಬಸಿದ ನೀರನ್ನು ಪಾತಿಗೆ ಹಾಯಿಸಿದರು. ರಂಗಶೆಟ್ಟಿಯೂ ಬಾವು ಬಂದ ತೋಳಿನಲ್ಲೇ ಒಂದಷ್ಟು ಮಣ್ಣು ಹೊತ್ತ. ಆ ಕೆಲಸ ಅವನಿಗೆ ಮರೆತುಹೋಗಿತ್ತು. ಅತ್ತೆ ಅದನ್ನು ಆಡಿ ತೋರಿಸದೆ ಇರಲಿಲ್ಲ.

ಡಾಕ್ಟರು ಬಂದದ್ದು ಪಾತಿಗಳಲ್ಲಿ ನೀರು ನಿಂತ ಹೊತ್ತಿನಲ್ಲೇ. ಟೋಪಿ, ಕರಿಯ ಕೋಟು, ಜೊತೆಗೆ ಪೆಟ್ಟಿಗೆ ಹೊತ್ತ ಕಾಂಪೌಂಡರು. ಹೊಂಗೆಯ ನೆರಳಿನಲ್ಲಿ ಮೇಜು ಹಾಕಿ, ಸೂಜಿ ಕುದಿಸಿ, ಒಬ್ಬೊಬ್ಬರನ್ನೇ ಕರೆದರು. ಅರ್ಧ ಜನ ಗುಡ್ಲುಗಳ ಹಿಂದಿನಿಂದ ಓಡಿದರು, ಅರ್ಧ ಜನ ಅತ್ತುಕೊಂಡು ತೋಳು ಕೊಟ್ಟರು. ರಂಗಶೆಟ್ಟಿ ತನ್ನ ತೋಳಿನ ಗುರುತನ್ನು ಎಲ್ಲರಿಗೂ ತೋರಿಸಿ, "ನೋಡಿ, ನಾನು ಸತ್ತಿದ್ದೀನಾ?" ಎಂದು ಕರೆಕರೆದು ತಂದ. ನಂಜಿ ತಾನಾಗಿಯೇ ಎದ್ದು ಹೋಗಿ ಮೇಜಿನ ಮುಂದೆ ನಿಂತಳು. ಸೆರಗು ಸರಿಸಿ ತೋಳು ಮುಂದೆ ಚಾಚಿದಳು.

ಮೋಳೆಯಿಂದ ಓಡಿಬಂದ ಕೆಂಪಾಜಮ್ಮ ಆ ತೋಳನ್ನು ಹಿಡಿದು ಹಿಂದಕ್ಕೆ ಎಳೆದಳು.

"ಎಷ್ಟು ದಿನ ಜ್ವರ ಬತ್ತದೆ ಬುದ್ದಿ, ಇದು ಚುಚ್ಚುದ್ರೆ?"

"ಒಂದು ದಿನ, ಹೆಚ್ಚೆಂದರೆ ಎರಡು ದಿನ. ಕೈ ಸ್ವಲ್ಪ ಊದುತ್ತೆ. ಭಯ ಪಡಬೇಕಾದ್ದು ಏನಿಲ್ಲಮ್ಮ."

"ಎರಡು ದಿನ ಮಲಗಿದ್ರೆ ಪಾತಿ ಯಾರು ನೋಡ್ಕೋತಾರೆ? ಕೈ ಊದುದ್ರೆ ಮಣ್ಣು ಯಾರು ಹೊರ್ತಾರೆ?" ಆಮೇಲೆ ಅವಳು ಇನ್ನೊಂದು ಪ್ರಶ್ನೆ ಕೇಳಿದಳು. "ತಾವು ಯಾವ ಕಡೆಯೋರು ಬುದ್ದಿ?"

"ಸರ್ಕಾರದ ಕಡೆಯವರು. ಸರ್ಕಾರವೇ ಕಳಿಸಿದ್ದು. ದುಡ್ಡೇನೂ ಕೊಡಬೇಕಾಗಿಲ್ಲ."

"ನಮ್ಮ ಮೋಳೆಗಳ್ನ ನಿಲ್ಸಿದ್ದೂ ಸರ್ಕಾರವೇ ಅಲ್ವಾ?"

ಡಾಕ್ಟರಿಗೆ ಅದು ಅರ್ಥವಾಗಲಿಲ್ಲ. ಮೋಳೆ ಎಂದರೇನೆಂದು ಕಾಂಪೌಂಡರನ್ನು ಕೇಳಿದರು. ಅವನು ಹೇಳಿದ ಮೇಲೆ, "ಅದು ಬೇರೆ ಇಲಾಖೆ ಕಣಮ್ಮ. ನಾನು ಜೀವ ಉಳಿಸೋಕೆ ಬಂದವನು" ಎಂದರು.

"ಜೀವ ಉಳ್ಸೋ ಹಂಗಿದ್ರೆ ಉಪ್ಪು ಯಾಕೆ ಕಿತ್ಕೊಂಡ್ರು?"

ರಂಗಶೆಟ್ಟಿ ಅತ್ತೆಯ ಕಾಲಿಗೆ ಬೀಳುವುದೊಂದು ಬಾಕಿ. "ಅತ್ತೇ, ನಿಮ್ಮ ದಮ್ಮಯ್ಯ. ಮೋಳೆ ನಾನು ನೋಡ್ಕೋತೀನಿ. ಅವಳಿಗೆ ಚುಚ್ಚಲಿ."

"ನೀನು ನೋಡ್ಕೊಳೋದ ನೋಡಿವ್ನಿ ಬುಡು. ಶೇಕ್ದಾರ್ರು ಬಂದು ಓಗ್ಲಿ. ಆಮ್ಯಾಕೆ ನಾನೂ ನನ್ ಮಗಳೂ ಇಬ್ರೂ ಚುಚ್ಚುಸ್ಕೋತೀವಿ. ಓಡೋಗ್ತದಾ ಸೂಜಿ?"

"ನಾನು ಮತ್ತೆ ಈ ಕಡೆ ಯಾವಾಗ ಬರ್ತೀನೋ ಹೇಳೋಕಾಗಲ್ಲ" ಎಂದರು ಡಾಕ್ಟರು. ಅವರ ಮುಂದೆ ಇನ್ನೂ ಎಷ್ಟೋ ಊರುಗಳಿದ್ದವು. ನಂಜಿ ತಾಯಿಯ ಮುಖ ನೋಡಿದಳು, ಗಂಡನ ಮುಖ ನೋಡಿದಳು, ಸೆರಗು ಹೊದ್ದುಕೊಂಡು ಮೋಳೆಯ ಕಡೆ ನಡೆದಳು.

ಇಲ್ಲಿ ಕೆಂಪಾಜಮ್ಮನನ್ನು ದಡ್ಡಿ ಎಂದುಬಿಡುವುದು ಸುಲಭ. ಹಾಗೆ ಅಂದವರು ಬೇಕಾದಷ್ಟು ಜನ. ನನಗೆ ಹಾಗನ್ನಲು ಬಾಯಿ ಬರುವುದಿಲ್ಲ. ಅವಳ ಆಯುಸ್ಸಿನಲ್ಲಿ ಸರ್ಕಾರವೆಂಬುದು ಮೋಳೆಗೆ ಬಂದದ್ದೆಲ್ಲ ಏನನ್ನಾದರೂ ನಿಲ್ಲಿಸಲು. ಮೊದಲ ಸಲ ಕೊಡಲೆಂದು ಬಂದಾಗಲೂ ಅದೇ ಟೋಪಿ, ಅದೇ ಕೋಟು, ಅದೇ "ಭಯ ಪಡಬೇಕಾದ್ದು ಏನಿಲ್ಲ" ಎಂಬ ಮಾತು. ಅವಳು ಹೇಗೆ ಬೇರೆ ಮಾಡಿ ನೋಡಬೇಕಿತ್ತು?

ಪಾತಿಗಳು ಒಣಗಿ ಮೊದಲ ಉಪ್ಪು ಕಟ್ಟಿತು. ಮೊದಲುಪ್ಪು ಹೊರಗಿನವರ ಕಣ್ಣಿಗೆ ಬೀಳುವ ಮೊದಲು ಮನೆಯ ಒಲೆಯ ಹಿಂದಿನ ಗುಡಾಣಕ್ಕೆ ಬೀಳಬೇಕು, ಅದೂ ಮನೆಯ ಎಳೆಯ ಹೆಂಗಸಿನ ಕೈಯಿಂದ. ಹಾಗಾದರೇ ಆ ವರ್ಷದ ಮೋಳೆ ಕೈ ಹಿಡಿಯುವುದೆಂಬುದು ಮೋಳೆಯವರ ಪದ್ಧತಿ. ನಂಜಿ ಕುಕ್ಕೆಯಲ್ಲಿ ಉಪ್ಪು ತುಂಬಿಕೊಂಡು ಮುಚ್ಚಿದ್ದ ಮನೆಯ ಬಾಗಿಲು ತೆರೆದು ಒಳಗೆ ಹೋದಳು. ಅಮ್ಮ ಎರಚಿದ್ದ ಉಪ್ಪು ಕಾಲಡಿಯಲ್ಲಿ ಕರಕರ ಅನ್ನುತ್ತಿತ್ತು. ಹೊರಗೆ ನೆತ್ತಿ ಸುಡುವ ಬಿಸಿಲು. ಗುಡ್ಲಿನಲ್ಲಂತೂ ಸೋಗೆಯ ಸಂದಿಯಿಂದ ಬೆಂಕಿ ಸುರಿದ ಹಾಗಿರುತ್ತಿತ್ತು. ಹೆಂಚಿನ ಕೆಳಗಿನ ತಂಪು ಹಿತವೆನಿಸಿ ಅವಳು ಒಲೆಯ ಪಕ್ಕದಲ್ಲೇ ಸೆರಗು ಹಾಸಿಕೊಂಡು ಒರಗಿದಳು. ಮಾರನೆಯ ದಿನವೂ ಹೋಗಿ ಒರಗಿದಳು. ಅಮ್ಮನೇ "ಓಗು, ಒಂದು ಗಳಿಗೆ ಮಲಗಿ ಬಾ" ಎಂದು ಕಳಿಸಿದ್ದಳು.

"ಗುಡಾಣದ ಹಿಂದೆ ಒಂದು ಇಲಿ ಸತ್ತು ಬಿದ್ದಿತ್ತು ಕಣವ್ವ. ಕೋಲಿನಾಗೆ ಎತ್ತಿ ಆಚೆ ಎಸ್ದೆ. ನಿನ್ನ ಉಪ್ಪು ತಿಂದೇ ಸತ್ತಿರ್ಬೇಕು" ಎಂದು ಬಂದು ನಕ್ಕಳು.

ಕೆಂಪಾಜಮ್ಮನೂ ನಕ್ಕಳು. ಉಪ್ಪು ಕೆಲಸ ಮಾಡುತ್ತಿದೆ ಎಂದುಕೊಂಡಳು.

ಶೇಕ್ದಾರರು ಬರುವ ದಿನ ಬೆಳಿಗ್ಗೆ ನಂಜಿಗೆ ತಲೆ ಎತ್ತಲಾಗಲಿಲ್ಲ. ಮೈ ಕೆಂಡ. ತೊಡೆಯ ಸಂದಿಯಲ್ಲಿ ನೋವೆಂದಳು. ರಂಗಶೆಟ್ಟಿ ಮುಟ್ಟಿ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡ. ನಿಂಬೆಕಾಯಿಯಷ್ಟು ಗಡ್ಡೆ. ಅವನು ನಿಂತ ಕಾಲಿನಲ್ಲೇ ಡಾಕ್ಟರನ್ನು ಹುಡುಕಿಕೊಂಡು ಹದಿನಾರಿನ ಕಡೆ ಓಡಿದ. ಕೆಂಪಾಜಮ್ಮ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಹೊತ್ತು ಏರಿದ ಮೇಲೆ ಪಟೇಲನ ಆಳು ದೂರದಲ್ಲೇ ನಿಂತು ಕೂಗಿದ.

"ಕೆಂಪಾಜಮ್ಮೋ, ಶೇಕ್ದಾರ್ರು ಬಂದವ್ರೆ. ಮೋಳೆತಾವ ಯಾರೂ ಇಲ್ವಲ್ಲ. ಒಡೆಯರಿಲ್ದಿದ್ರೆ ನಿಂತದೆ ಅಂತ ಬರ್ಕೋತಾರಂತೆ. ಬೇಗ ಬಾ."

ನಂಜಿ ಕಣ್ಣು ಬಿಟ್ಟು, "ಓಗವ್ವ. ಇಷ್ಟು ದಿನ ಹೊತ್ತಿದ್ದು ಸುಮ್ಸುಮ್ಕೆ ಓಯ್ತದೆ" ಎಂದಳು.

ಅವಳು ಹೋದಳು. ಹೋಗಬಾರದಿತ್ತು ಎಂದು ಮುಂದೆ ಆಯುಸ್ಸೆಲ್ಲ ಹೇಳಿಕೊಂಡಳು, ಆದರೆ ಅವತ್ತು ಹೋದಳು. ಶೇಕ್ದಾರರು ಮೂಗಿಗೆ ಅಂಗವಸ್ತ್ರ ಹಿಡಿದುಕೊಂಡು ಕುದುರೆಯ ಮೇಲೇ ಕೂತಿದ್ದರು. ಇಳಿಯಲಿಲ್ಲ. ಕೆಂಪಾಜಮ್ಮ ಪಾತಿಯಿಂದ ಉಪ್ಪು ಬಾಚಿ ಎತ್ತಿ ತೋರಿಸಿದಳು. ಇನ್ನೊಂದು ಪಾತಿಯದನ್ನೂ ತೋರಿಸಿದಳು. ಅವರು ತಲೆಯಾಡಿಸಿದರು.

"ಇಂಥ ಕಾಲದಲ್ಲೂ ಬಿಟ್ಟಿಲ್ಲವಲ್ಲಮ್ಮ. ಭೇಷ್. ನಡೀತಿದೆ ಅಂತ ಬರೆದುಕೊಂಡೆ."

ಗುಡ್ಲಿಗೆ ವಾಪಸು ಬರುವಷ್ಟರಲ್ಲಿ ನಂಜಿ ಯಾರನ್ನೂ ಗುರುತಿಸುತ್ತಿರಲಿಲ್ಲ. ರಂಗಶೆಟ್ಟಿ ಡಾಕ್ಟರನ್ನು ಕರೆತಂದದ್ದು ಮಾರನೆಯ ದಿನ ಮಧ್ಯಾಹ್ನ. ಅವರು ನೋಡಿ, ಕೈ ತೊಳೆದುಕೊಂಡು, ಈಗ ಸೂಜಿಯಿಂದ ಪ್ರಯೋಜನವಿಲ್ಲವೆಂದರು. ಬೈಯಲಿಲ್ಲ. ಬೈದಿದ್ದರೆ ಕೆಂಪಾಜಮ್ಮನಿಗೆ ತಿರುಗಿ ಬೈಯಲಾದರೂ ಒಬ್ಬರು ಇರುತ್ತಿದ್ದರು. ಅವತ್ತು ಸಂಜೆಗೆ ಮೊದಲೇ ನಂಜಿ ಹೋದಳು. ಹೊರಲು ನಾಲ್ಕು ಜನ ಬರಲಿಲ್ಲ. ಗಂಡ ತಲೆಯ ಕಡೆ, ತಾಯಿ ಕಾಲಿನ ಕಡೆ ಹಿಡಿದು ಚೌಳು ನೆಲ ದಾಟಿಸಿ ಮಣ್ಣು ಮಾಡಿದರು. ಕೆಂಪಾಜಮ್ಮನ ಕಣ್ಣಿನಲ್ಲಿ ಒಂದು ಹನಿ ಬರಲಿಲ್ಲ.

ಗುದ್ದಲಿ ಕೆಳಗಿಟ್ಟು ರಂಗಶೆಟ್ಟಿ ಒಂದೇ ಮಾತು ಆಡಿದ.

"ನಿಮ್ಮ ಮೋಳೆ ಉಳ್ಕೊಂಡ್ತು ಅತ್ತೆ."

ಅಷ್ಟು ಹೇಳಿ ನಂಜನಗೂಡಿನ ದಾರಿ ಹಿಡಿದ. ಒಳ್ಳೆಯ ಹುಡುಗ. ಆದರೆ ಒಳ್ಳೆಯವರ ಬಾಯಿಂದ ಬಂದ ಮಾತೂ ಕತ್ತರಿಸುತ್ತದೆ.

ಉಳಿದ ಮೋಳೆಗೆ ಮುಂದಿನ ಬೇಸಿಗೆಯಲ್ಲಿ ಕೆಂಪಾಜಮ್ಮ ಒಂದು ಮಂಕರಿ ಮಣ್ಣನ್ನೂ ಹೊರಲಿಲ್ಲ. ಒಬ್ಬಳಿಂದ ಆಗದೆಂದಲ್ಲ, ಕೂಲಿಗೆ ಯಾರನ್ನಾದರೂ ಕರೆಯಬಹುದಿತ್ತು. ಗುಡಾಣ 'ಮೊದಲುಪ್ಪು ಎಲ್ಲಿ, ತರುವವಳು ಎಲ್ಲಿ' ಎಂದು ಕೇಳಿದ ಹಾಗಾಗುತ್ತಿತ್ತು. ಪಾತಿಗಳ ಗಾರೆ ಬಿರುಕು ಬಿಟ್ಟಿತು. ಶೇಕ್ದಾರರು ವಾಡಿಕೆಯಂತೆ ಬಂದರು, "ಛೆ ಛೆ, ನೀನೂ ನಿಲ್ಲಿಸಿಬಿಟ್ಟೆಯಲ್ಲಮ್ಮ" ಎಂದು ನಿಜವಾಗಿಯೂ ಮರುಗಿದರು. ಹೋದ ವರ್ಷ ಯಾವುದನ್ನು ಉಳಿಸಲು ನಂಜಿಯ ತೋಳು ಹಿಂದಕ್ಕೆ ಎಳೆದಿದ್ದಳೋ ಅದು ಹೀಗೆ, ಯಾರೂ ಕೈ ಹಚ್ಚದೆ, ತಾನಾಗಿ ಮುಗಿಯಿತು.

ಅವಳು ರಸ್ತೆಗೆ ಜಲ್ಲಿ ಹೊಡೆಯುವ ಕೂಲಿಗೆ ಹೋದಳು. ತಗಡೂರಿನ ಹತ್ತಿರ ಕೆಲಸ ನಡೆಯುತ್ತಿದ್ದಾಗ ಒಂದು ಮಧ್ಯಾಹ್ನ ನೀರು ಕೇಳಲೆಂದು ಊರೊಳಗೆ ಬಂದಳು. ಮೇಷ್ಟರು ಚಿಕ್ಕಬಸಪ್ಪನವರ ಜಗುಲಿಯಲ್ಲಿ ನಾಲ್ಕಾರು ಜನ ಸೇರಿ, ಇಂಗ್ಲಿಷಿನವರು ಬಂದು ಒಳ್ಳೆಯದಾಯಿತೋ ಕೆಟ್ಟದಾಯಿತೋ ಎಂದು ವಾದಕ್ಕೆ ಕೂತಿದ್ದರು. ರೈಲು, ಶಾಲೆ, ಆಸ್ಪತ್ರೆ ಎಂದು ಒಬ್ಬರು, ಮಗ್ಗ ಹೋಯಿತು, ಉಪ್ಪು ಹೋಯಿತು ಎಂದು ಇನ್ನೊಬ್ಬರು. ಉಪ್ಪಿನ ಮಾತು ಬಂದದ್ದರಿಂದ ಮೇಷ್ಟರಿಗೆ ಅವಳ ನೆನಪಾಯಿತು.

"ಬಾರಮ್ಮ, ಇವಳನ್ನೇ ಕೇಳೋಣ. ನಿನ್ನ ಮೋಳೆ ಹೋಯಿತು. ಹಾಗೇ ಪ್ಲೇಗಿನ ಸೂಜಿ ತಂದವರೂ ಅವರೇ. ನೀನೇ ತೂಗಿ ಹೇಳು ನೋಡೋಣ, ಒಳ್ಳೆಯದು ಹೆಚ್ಚೋ, ಕೆಟ್ಟದ್ದು ಹೆಚ್ಚೋ?"

ಹಿಂದಿನ ಕೆಂಪಾಜಮ್ಮನಾಗಿದ್ದರೆ ಜಗುಲಿಯ ಹೆಂಚು ಹಾರಿಹೋಗುವ ಹಾಗೆ ಉತ್ತರ ಕೊಡುತ್ತಿದ್ದಳು. ಈಗ ಚೊಂಬು ಕೆಳಗಿಟ್ಟು, ಮೆಲ್ಲಗೆ ಹೇಳಿದಳು.

"ನಾನೇನು ತೂಗ್ಲಿ ಬುದ್ದಿ. ಕಿತ್ಕೊಂಡೋರೂ ಅವ್ರೇ, ಕೊಡಾಕೆ ಬಂದೋರೂ ಅವ್ರೇ. ಕಿತ್ಕೊಂಡ ಕೈಯ್ಯೇ ನೋಡ್ತಾ ಕುಂತಿದ್ನಲ್ಲ, ಕೊಡಾಕೆ ಬಂದ ಕೈಯ ನಂಬ್ನಿಲ್ಲ. ನನಗೆ ಕೆಟ್ಟದ್ದು ತಟ್ತು, ಒಳ್ಳೇದು ತಟ್ನಿಲ್ಲ."

ಅವಳು ಬೀದಿಯ ತಿರುವು ದಾಟಿದ ಮೇಲೆ ವಾದ ಮತ್ತೆ ಶುರುವಾಯಿತು.

ನಂಜಿ ಹೋದ ಎರಡನೆಯ ಚಳಿಗಾಲದಲ್ಲಿ ಪ್ಲೇಗು ಮತ್ತೆ ಬಂತು. ಮತ್ತೆ ಗುಡ್ಲು, ಮತ್ತೆ ಹೊಂಗೆಯ ನೆರಳಿನಲ್ಲಿ ಮೇಜು. ಡಾಕ್ಟರು ಬೇರೆಯವರು, ಕಾಂಪೌಂಡರು ಮಾತ್ರ ಹಳಬನೇ. ಈ ಸಲ ಮೊದಲು ಹೋಗಿ ನಿಂತವಳು ಕೆಂಪಾಜಮ್ಮ. ಬದುಕಬೇಕೆಂಬ ಆಸೆಯಿಂದಲ್ಲ. ಅವತ್ತು ಮಾತು ಕೊಟ್ಟಿದ್ದಳಲ್ಲ, ಶೇಕ್ದಾರರು ಬಂದು ಹೋದ ಮೇಲೆ ಚುಚ್ಚಿಸಿಕೊಳ್ಳುತ್ತೇನೆಂದು. ಕೊಟ್ಟ ಮಾತಿನಲ್ಲಿ ತನ್ನ ಪಾಲನ್ನಾದರೂ ನಡೆಸಬೇಕೆನಿಸಿತು. ಸೂಜಿ ಒಳಗೆ ಹೋದಾಗ ಅವಳು ಮುಖ ಕಿವಿಚಲಿಲ್ಲ. ಗುಡ್ಲಿಗೆ ಬಂದು, ಪಕ್ಕದಲ್ಲಿ ನೀರಿನ ಮಡಕೆ ಇಟ್ಟುಕೊಂಡು, ಎರಡು ದಿನದ ಮಟ್ಟಿಗೆಂದು ಕಂಬಳಿ ಹೊದ್ದು ಮಲಗಿದಳು. ಸಂಜೆಗೆ ಮೈ ಬೆಚ್ಚಗಾಯಿತು, ತೋಳು ಸೆಳೆಯಿತು. ಹಾಗೇ ನಿದ್ದೆ ಬಂತು.

ಬೆಳಿಗ್ಗೆ ಎಚ್ಚರವಾದಾಗ ಮೈ ತಣ್ಣಗಿತ್ತು. ಕೈ ಎತ್ತಿ ನೋಡಿದಳು, ಎತ್ತಲು ಬಂತು. ಎದ್ದು ಕೂತಳು. ತಲೆ ತಿರುಗಲಿಲ್ಲ. ಬೇಕೆಂದರೆ ಆ ಗಳಿಗೆಯಲ್ಲೇ ಹೋಗಿ ಒಂದು ಮಂಕರಿ ಮಣ್ಣು ಹೊರಬಹುದಿತ್ತು. ಅವಳು ನಂಬಲಾರದೆ ಎದ್ದು ಮೇಜಿನ ಹತ್ತಿರ ಹೋದಳು. ಕಾಂಪೌಂಡರು ಅವತ್ತಿನ ಸೂಜಿಗಳನ್ನು ಕುದಿಯಲಿಡುತ್ತಿದ್ದ.

"ಸಾಮೀ, ಜ್ವರ ಇಷ್ಟೇನಾ? ಇನ್ನೂ ಬತ್ತದಾ?"

"ಇಷ್ಟೇ ಕಣಮ್ಮ. ಇಳೀತಲ್ಲ, ಇನ್ನು ಬರಲ್ಲ."

"ಎಲ್ರಿಗೂ ಇಷ್ಟೇನಾ?"

"ಕೆಲವರಿಗೆ ಎರಡು ದಿನ ಎಳೆಯುತ್ತೆ. ಬಹಳ ಜನಕ್ಕೆ ಒಂದು ರಾತ್ರಿ, ಅಷ್ಟೇ" ಎಂದ ಅವನು, ಅವಳ ಮುಖ ನೋಡದೆ. "ವಯಸ್ಸಿನ ಹುಡುಗೀರಿಗೆ ಕೆಲವು ಸಲ ಇದೂ ಬರಲ್ಲ."

ಕೆಂಪಾಜಮ್ಮ ಇದ್ದ ಜಾಗದಲ್ಲೇ ಕುಸಿದು ಕೂತಳು. ಅವಳ ಬಾಯಿಂದ ಹೊರಟ ಕೂಗಿಗೆ ಗುಡ್ಲುಗಳಿಂದ ಜನ ಎದ್ದು ಓಡಿಬಂದರು. ಸೂಜಿ ಹಿಡಿಯದೆ ಗಡ್ಡೆ ಎದ್ದಿತೇನೋ ಪಾಪ, ಅದಕ್ಕೇ ಹೀಗೆ ಅಳುತ್ತಿದ್ದಾಳೆ ಎಂದುಕೊಂಡರು.